ಹಿಚ್ ನೋಡುವ ಶಾಸ್ತ್ರ

ನಮ್ಮ ಕಾರಿನ ಹಿಂದೆ, ನಂಬರ್ ಪ್ಲೇಟಿನ ಕೆಳಗೆ, ಒಂದು ಹಳೆಯ ಟೆನಿಸ್ ಚೆಂಡು ಕುಳಿತಿದೆ. ಅದರ ಹೊಟ್ಟೆ ಸೀಳಿ, ಅಲ್ಲಿ ಚಾಚಿಕೊಂಡಿರುವ ಕಬ್ಬಿಣದ ಗುಂಡಿನ ಮೇಲೆ ಟೋಪಿಯ ಹಾಗೆ ಹಾಕಿದ್ದೇನೆ. ಸಿಡ್ನಿಯ ರೌಸ್ ಹಿಲ್‌ನ ನಮ್ಮ ಮನೆಗೆ ಸತ್ಯನಾರಾಯಣ ಪೂಜೆಗೆಂದು ಬಂದ ಹುಡುಗಿಯೊಬ್ಬಳು ಅದನ್ನು ನೋಡಿ, "ದೃಷ್ಟಿಗಾ ಅಂಕಲ್? ನಿಂಬೆಹಣ್ಣು ಸಿಗಲಿಲ್ವಾ?" ಎಂದು ಕೇಳಿದ್ದಳು. ದೃಷ್ಟಿಗಲ್ಲ, ಕಾಲಿಗೆ. ಆ ಗುಂಡಿಗೆ ಕ್ಯಾರವಾನ್, ಅಂದರೆ ಕಾರು ಎಳೆದೊಯ್ಯುವ ಗಾಲಿಮನೆ, ತಗಲಿಸುತ್ತಾರೆ. ಕ್ಯಾರವಾನ್ ಇಲ್ಲದಾಗ ಅದು ಬರಿದೇ ಚಾಚಿಕೊಂಡು, ಕಾರಿನ ಹಿಂದೆ ಹಾದುಹೋಗುವವರ ಕಣಕಾಲಿನ ಮೂಳೆಗೆ ಕಾದುಕೊಂಡಿರುತ್ತದೆ. ಈ ದೇಶದಲ್ಲಿ ಅದಕ್ಕೆ ಬಡಿದುಕೊಳ್ಳದ ಗಂಡಸು ಇರಲಿಕ್ಕಿಲ್ಲ. ಸಿಟಿಜನ್‌ಶಿಪ್ ಸಮಾರಂಭದಲ್ಲಿ ಕೈಕುಲುಕಿ ಗಿಡದ ಕುಂಡ ಕೊಟ್ಟಾಗಲೂ ಬಾರದ 'ನಾನೂ ಇಲ್ಲಿಯವನೇ' ಎಂಬ ಭಾವನೆ ನನಗೆ ಬಂದದ್ದು ಆ ಗುಂಡಿಗೆ ಬಡಿದುಕೊಂಡು ಒಂಟಿಕಾಲಿನಲ್ಲಿ ಕುಣಿದ ದಿನ. ಮರುದಿನವೇ ಈ ಚೆಂಡು ಬಂತು.

ಚೆಂಡನ್ನು ಕೈಗೆ ತೆಗೆದುಕೊಂಡು ನೋಡಿದರೆ ಒಂದು ಬದಿ ಮೆತ್ತಗಾಗಿರುವುದು ತಿಳಿಯುತ್ತದೆ. ಅದಕ್ಕೆ ಕಾರಣ ನಮ್ಮ ಮನೆಯಾಕೆ ಶಾರದೆ. ಅದನ್ನು ಹೇಳುವ ಮೊದಲು ಕ್ಯಾರವಾನಿನ ವಿಷಯ ಹೇಳಬೇಕು, ಕ್ಯಾರವಾನಿಗಿಂತ ಮೊದಲು ನಮ್ಮಪ್ಪನ ಹೋಲ್ಡಾಲಿನ ವಿಷಯ ಹೇಳಬೇಕು. ನಿಮಗೇನೂ ಅವಸರವಿಲ್ಲ ಎಂದುಕೊಂಡಿದ್ದೇನೆ.

ನಮ್ಮಪ್ಪ ಮೈಸೂರಿನಲ್ಲಿ ಹೈಸ್ಕೂಲು ಮೇಷ್ಟರು. ಬೇಸಿಗೆ ರಜೆಯಲ್ಲಿ ಎಲ್ಲಿಗೆ ಹೊರಟರೂ ಮೊದಲು ಅಟ್ಟದಿಂದ ಇಳಿಯುತ್ತಿದ್ದುದು ಹಸಿರು ಕ್ಯಾನ್ವಾಸಿನ ಹೋಲ್ಡಾಲ್. ಅದನ್ನು ನಡುಮನೆಯಲ್ಲಿ ಹಾಸಿದರೆ ಹೊಸ್ತಿಲ ತನಕ ಬರುತ್ತಿತ್ತು. ನುಸಿಗುಳಿಗೆಯ ವಾಸನೆ ಮನೆಯೆಲ್ಲ ಹಬ್ಬಿದರೆ ಪ್ರಯಾಣ ಶುರುವಾಯಿತೆಂದೇ ಲೆಕ್ಕ. ಹಾಸಿಗೆ, ದಿಂಬು, ಸೊಳ್ಳೆಪರದೆ, ಅಮ್ಮನ ಪಂಪ್ ಸ್ಟೌ, ಅದಕ್ಕೆ ಸುತ್ತಿದ ಟವೆಲ್, ಎರಡು ತೆಂಗಿನಕಾಯಿ, ತಿರುಪು ಮುಚ್ಚಳದ ಹಿತ್ತಾಳೆ ಕೂಜ. ಕೊನೆಗೆ ಅಪ್ಪ ಮಂಡಿಯೂರಿ ಅದರ ಮೇಲೆ ಕುಳಿತು ಬೆಲ್ಟು ಬಿಗಿಯುತ್ತಿದ್ದರು, ನಮ್ಮನ್ನೂ ಹತ್ತಿಸಿ ಕೂರಿಸುತ್ತಿದ್ದರು. ಹೋದ ಊರಿನ ಛತ್ರದಲ್ಲಿ ಅದನ್ನು ಬಿಚ್ಚಿದೊಡನೆ ನಮ್ಮ ಮನೆ ಅಲ್ಲಿಗೆ ಬಂದಿರುತ್ತಿತ್ತು. ಹೀಗೆ ಮನೆಯನ್ನೇ ಕಟ್ಟಿಕೊಂಡು ಹೊರಡುವ ಚಟ ನಮ್ಮ ವಂಶದಲ್ಲೇ ಇದೆ. ನನ್ನ ಕಾಲಕ್ಕೆ ಅದಕ್ಕೆ ಚಕ್ರ ಬಂತು, ಅಷ್ಟೇ.

ನಾರ್ತ್ ಸಿಡ್ನಿಯ ಕನ್ಸಲ್ಟೆನ್ಸಿ ಆಫೀಸಿನಿಂದ ರಿಟೈರ್ ಆದ ಮೇಲೆ, ಹಿಂದಿನ ಬೀದಿಯವರೊಬ್ಬರು ಮಾರಲಿಟ್ಟಿದ್ದ ಕ್ಯಾರವಾನನ್ನು ನೋಡಿ ಬಂದೆ. ಮುಂದೆ ಮಂಚ, ನಡುವೆ ಒಲೆ ಮತ್ತು ಸಿಂಕ್, ಹಿಂದೆ ಅರ್ಧಚಂದ್ರದ ಹಾಗೆ ಸೋಫಾ, ಸೋಫಾದ ಕೆಳಗೆ ಸಾಮಾನಿಡಲು ಜಾಗ. ಶಾರದೆ ಫಾರ್ಮಸಿಸ್ಟ್. ಈಗಲೂ ವಾರಕ್ಕೆರಡು ದಿನ ಕೆಲಸಕ್ಕೆ ಹೋಗುತ್ತಾಳೆ, ಮಿಕ್ಕ ದಿನ ನನ್ನ ಉತ್ಸಾಹಗಳಿಗೆ ಡೋಸ್ ಕಡಿಮೆ ಮಾಡುತ್ತಾಳೆ. ಅವಳು ಕ್ಯಾರವಾನಿನ ಸಿಂಕು, ಒಲೆ, ಕಿಟಕಿಯ ಸೊಳ್ಳೆಜಾಲರಿ ಎಲ್ಲವನ್ನೂ ಮೆಚ್ಚಿದಳು. ಆದರೆ ಕೆಳಗಿಳಿದು ಮುಂದಿನ ಕೊಕ್ಕೆಯನ್ನು ನೋಡಿ ನಿಂತುಬಿಟ್ಟಳು.

"ಹಿಂದೆ ಕಟ್ಕೊಂಡು ಎಳ್ಕೊಂಡು ಹೋಗೋದಾ? ನನ್ ಕೈಲಾಗಲ್ಲ ರೀ."

ಅವಳು ಆರನೇ ವಯಸ್ಸಿನಲ್ಲಿ ಮೈಸೂರಿನಲ್ಲಿ ಜಟಕಾದಿಂದ ಬಿದ್ದವಳು. ಮದುವೆ ಮನೆಗೆ ಹೊರಟ ಜಟಕಾ ನಡುಬೀದಿಯಲ್ಲಿ ಹಿಂದಕ್ಕೆ ಮಗುಚಿ, ಮುಂದೆ ಕುದುರೆ ಗಾಳಿಯಲ್ಲಿ ಕಾಲು ಆಡಿಸುತ್ತಿತ್ತಂತೆ. ಈ ಕಥೆ ನಮ್ಮ ಮನೆಯಲ್ಲಿ ನಗುವುದಕ್ಕೆ ಇರುವ ಕಥೆ, ನಮ್ಮ ಮಗಳು ಅನಘಾ ಚಿಕ್ಕವಳಿದ್ದಾಗ ಅದನ್ನು ಕೇಳದೆ ಊಟ ಮಾಡುತ್ತಿರಲಿಲ್ಲ. ಶಾರದೆ ಮಾತ್ರ ಅಂದಿನಿಂದ ಒಂದನ್ನೊಂದು ಎಳೆಯುವ ಯಾವ ವಾಹನವನ್ನೂ ನಂಬಿಲ್ಲ. ನಾನು ಗೋಗರೆದೆ. ನನಗೆ ಒಬ್ಬನೇ ಸುತ್ತುವ ಆಸೆ ಇರಲಿಲ್ಲ, ಅವಳಿಲ್ಲದೆ ಆ ಮಂಚ, ಒಲೆ, ಸೋಫಾ ಎಲ್ಲ ಏತಕ್ಕೆ? ವಾರದ ನಂತರ ಅವಳು ಒಪ್ಪಿದಳು. ಒಂದು ಷರತ್ತು ಹಾಕಿದಳು.

"ಮೆಲ್ಬರ್ನ್‌ಗೆ ಅನಘಾ ಮನೆಗೆ ಒಂದ್ಸಲ ಬರ್ತೀನಿ. ಅದು ಒಂದೇ ಒಂದು ಸಲ ಆ ಕಡೆ ಈ ಕಡೆ ಓಲಾಡಿದ್ರೂ, ವಾಪಸ್ ಬರೋದು ಫ್ಲೈಟಲ್ಲಿ. ಆಮೇಲೆ ಮಾರಿಬಿಡಬೇಕು. ಮಾತು ಅಂದ್ರೆ ಮಾತು."

ಒಪ್ಪಿಕೊಂಡು ಕ್ಯಾರವಾನ್ ಕೊಂಡೆ. ಹೀಗೆ ನನ್ನ ಮುಂದಿನ ಬದುಕೆಲ್ಲ ಒಂದು ಹಿಚ್ಚಿನ ಮೇಲೆ ನಿಂತಿತು. ಹಿಚ್ ಎಂದರೆ ಕಾರಿಗೂ ಕ್ಯಾರವಾನಿಗೂ ಗಂಟು ಹಾಕುವ ಜೋಡಣೆ. ಕ್ಯಾರವಾನು ಓಲಾಡದಂತೆ ಹಿಡಿದಿಡುವ ಹಿಚ್ಚುಗಳೇ ಬೇರೆ ಇವೆ, ಅವುಗಳಲ್ಲಿ ಒಂದನ್ನು ಆರಿಸಬೇಕಿತ್ತು.

ಮದುವೆ ಮಾಡಿ ನೋಡು, ಮನೆ ಕಟ್ಟಿ ನೋಡು ಎಂದರು ಹಿರಿಯರು. ಅವರಿಗೆ ಹಿಚ್ಚಿನ ವಿಷಯ ತಿಳಿದಿದ್ದರೆ ಅದನ್ನೂ ಸೇರಿಸುತ್ತಿದ್ದರು. ಒಂದು ಬಗೆಯದರಲ್ಲಿ ಎರಡು ಸ್ಪ್ರಿಂಗ್ ಸಲಾಕೆಗಳಿರುತ್ತವೆ. ಕ್ಯಾರವಾನಿನ ಭಾರಕ್ಕೆ ಕಾರಿನ ಹಿಂಭಾಗ ಕುಸಿದು ಮೂತಿ ಮೇಲೇಳದ ಹಾಗೆ ಅವು ಭಾರವನ್ನು ಎಲ್ಲ ಚಕ್ರಗಳಿಗೂ ಹಂಚುತ್ತವೆ. ಇನ್ನೊಂದು ಬಗೆಯದು ಪಕ್ಕಕ್ಕೆ ಕಟ್ಟುವ ಒಂಟಿ ಸಲಾಕೆ, ಉಜ್ಜುವ ಬಿಗಿಯಿಂದಲೇ ಓಲಾಟವನ್ನು ತಡೆಯುತ್ತದೆ. ಮೂರನೆಯದು ಇವೆರಡೂ ಸೇರಿದ್ದು. ನಾಲ್ಕನೆಯದು ಹಿಚ್ಚೇ ಅಲ್ಲ, ಕ್ಯಾರವಾನ್ ಓಲಾಡಿದೊಡನೆ ತಾನೇ ಅದರ ಬ್ರೇಕು ಹಾಕುವ ಎಲೆಕ್ಟ್ರಾನಿಕ್ ಡಬ್ಬ. ಆನ್‌ಲೈನ್ ಗುಂಪುಗಳಲ್ಲಿ ಪ್ರತಿಯೊಂದಕ್ಕೂ ಭಕ್ತರಿದ್ದಾರೆ, ಒಂದು ಪಂಥದವರು ಇನ್ನೊಂದು ಪಂಥದವರ ಮನೆಯಲ್ಲಿ ನೀರೂ ಕುಡಿಯಲಾರರು ಎನ್ನಿಸುತ್ತದೆ. ನಾನು ಎಲ್ಲರ ಪ್ರವಚನವನ್ನೂ ಕೇಳಿದೆ. ಕಾರಿನ ತೂಕ, ಕ್ಯಾರವಾನಿನ ತೂಕ, ಗುಂಡಿನ ಮೇಲೆ ಕೂರಬೇಕಾದ ತೂಕ ಎಂದು ಜಾತಕ ಹೊಂದಿಸುತ್ತಾ ಕುಳಿತೆ. ಗಣ ಕೂಡಿದರೆ ನಾಡಿ ಕೂಡುತ್ತಿರಲಿಲ್ಲ.

ಒಂದು ಸಂಜೆ ಶಾರದೆ ಕಾಫಿ ತಂದು ಕೀಬೋರ್ಡಿನ ಪಕ್ಕ ಕುಕ್ಕಿದಳು.

"ನನ್ನ ನೋಡೋಕೆ ಬಂದಾಗ ಉಪ್ಪಿಟ್ಟು ಮುಗಿಯೋದ್ರೊಳಗೆ ಒಪ್ಕೊಂಡ್ರಿ. ಈ ಕಬ್ಬಿಣಕ್ಕೆ ಮೂರು ತಿಂಗಳಾ?"

"ಆವತ್ತು ಇಷ್ಟು ವಿಡಿಯೊ ಇರ್ಲಿಲ್ಲ ಕಣೇ" ಎಂದೆ. ಅವಳು ನಗುತ್ತಲೇ ಹೋದಳು.

ನಮ್ಮ ಬಳಗದಲ್ಲಿ ಕ್ಯಾರವಾನ್ ಇಟ್ಟುಕೊಂಡವರು ಎಪ್ಪಿಂಗ್‌ನ ಲಾರೆನ್ಸ್ ಒಬ್ಬರೇ. ಮಂಗಳೂರಿನವರು, ಆಸ್ಪತ್ರೆಯೊಂದರಲ್ಲಿ ಎಕ್ಸ್-ರೇ ವಿಭಾಗ ನೋಡಿಕೊಂಡವರು, ನನಗಿಂತ ಹತ್ತು ವರ್ಷ ಮೊದಲೇ ಕ್ಯಾರವಾನ್ ಎಳೆದು ಅರ್ಧ ದೇಶ ಸುತ್ತಿದವರು. ಅವರ ಮುಂದೆ ನನ್ನ ನಾಲ್ಕು ಪಂಥಗಳ ಸಾರವನ್ನೆಲ್ಲ ಹೇಳಿದೆ. ಅವರು ಮೀನಿನ ಮುಳ್ಳು ತೆಗೆಯುವಷ್ಟು ನಿಧಾನವಾಗಿ ಕೇಳಿಸಿಕೊಂಡರು.

"ಎಂತ ಮಾರಾಯ್ರೆ ಮೂರ್ತಿಯವ್ರೇ, ಹಿಚ್ ಒಳ್ಳೇದೇ ತಗೊಳ್ಳಿ. ಆದ್ರೆ ಪಾಪ ಅದು ಎಷ್ಟೂಂತ ಮಾಡ್ತದೆ? ಒಳಗೆ ಸಾಮಾನು ತುಂಬಿಸ್ಲಿಕ್ಕೆ ಮೊದ್ಲು ಕಲೀರಿ. ಅದೇ ಮುಖ್ಯ."

ತುಂಬಿಸಲು ಕಲಿಯುವುದೇ? ಹೋಲ್ಡಾಲ್ ಕಟ್ಟಿದವರ ಮಗನಿಗೆ? ಮನಸ್ಸಿನಲ್ಲೇ ನಕ್ಕು ಹಿಚ್ಚಿನ ಅಂಗಡಿಗೆ ಹೋದೆ. ಅಲ್ಲಿನ ಮನುಷ್ಯನೂ ಅದೇ ಪ್ರಶ್ನೆ ಕೇಳಿದ, ಒಳಗೆ ಭಾರ ಎಷ್ಟಿರುತ್ತದೆ, ಎಲ್ಲಿರುತ್ತದೆ ಎಂದು. "ನಾವು ಇಬ್ಬರೇ, ಒಂದಿಷ್ಟು ಬಟ್ಟೆಬರೆ ಅಷ್ಟೇ" ಎಂದೆ. ಹೇಳುವಾಗ ಅದು ನಿಜವೇ ಆಗಿತ್ತು. ಮೂರನೆಯ ಬಗೆಯದನ್ನು, ಭಾರವನ್ನೂ ಹಂಚಿ ಓಲಾಟವನ್ನೂ ತಡೆಯುವ ಹಿಚ್ಚನ್ನು, ಹಾಕಿಸಿಕೊಂಡು ಬಂದೆ. ಗ್ಯಾರೇಜಿನಲ್ಲಿ ಅದಕ್ಕೆ ಕುಂಕುಮ ಹಚ್ಚಿ ಊದುಬತ್ತಿ ಬೆಳಗಿದೆವು. ಹೊಸ ವಾಹನದ ಪೂಜೆ ನೀವು ನೋಡಿರುತ್ತೀರಿ. ಹಿಚ್ಚಿಗೆ ಮಂಗಳಾರತಿ ನಾನೇ ಮೊದಲು ಎತ್ತಿದ್ದೆಂದು ಕಾಣುತ್ತದೆ.

ಇನ್ನು ನಮ್ಮ ಜನರ ಒಂದು ರೂಢಿ ಹೇಳಬೇಕು. ನೀವು ಯಾವ ಊರಿಗೆ ಹೊರಟರೂ, ಆ ಊರಿನಲ್ಲಿ ಇರುವ ಯಾರಿಗೋ ಏನನ್ನೋ ಕಳಿಸುವವರು ಇದ್ದೇ ಇರುತ್ತಾರೆ. ಊರಿಗೆ ಹೋಗುವಾಗ ವಿಟಮಿನ್ ಡಬ್ಬಿ, ಬರುವಾಗ ಹುಳಿಪುಡಿ. ಇಲ್ಲ ಎನ್ನುವ ಪದ್ಧತಿ ಇಲ್ಲ. ವಿಮಾನಕ್ಕಾದರೆ ತೂಕದ ಮಿತಿ ಎಂಬ ದೇವರಿದ್ದಾನೆ, ಅವನ ಹೆಸರು ಹೇಳಿ ತಪ್ಪಿಸಿಕೊಳ್ಳಬಹುದು. ಮೂರ್ತಿ ದಂಪತಿ ಒಂದು ಇಡೀ ಮನೆಯನ್ನೇ ಎಳೆದುಕೊಂಡು ಮೆಲ್ಬರ್ನಿಗೆ ಹೋಗುತ್ತಿದ್ದಾರೆಂದು ಇಲ್ಲಿನ ಕನ್ನಡ ಸಂಘದ ಗ್ರೂಪಿನಲ್ಲಿ ತಿಳಿದ ಮೇಲೆ ಯಾವ ದೇವರೂ ನಮ್ಮನ್ನು ಕಾಯಲಿಲ್ಲ.

ಮೊದಲು ಬಂದದ್ದು ಒಂದು ಸಣ್ಣ ಪೊಟ್ಟಣ ಮೆಂತ್ಯದ ಹಿಟ್ಟು. ಆಮೇಲೆ ಕಲ್ಲಿನ ಗ್ರೈಂಡರ್, ಯಾರದೋ ತಂಗಿಗೆ. ಆಮೇಲೆ ಒಂದು ಜೊತೆ ಆಳೆತ್ತರದ ಹಿತ್ತಾಳೆ ದೀಪದ ಕಂಬ, ಗೃಹಪ್ರವೇಶಕ್ಕೆ. ಸಂಘದವರು ಅಲ್ಲಿನ ಕನ್ನಡ ಶಾಲೆಗೆಂದು ಪುಸ್ತಕಗಳ ಡಬ್ಬಗಳನ್ನು ತಂದಿಳಿಸಿದರು. ಜ್ಞಾನದ ಭಾರ ಎಷ್ಟೆಂದು ಅಂದು ನನ್ನ ಸೊಂಟಕ್ಕೆ ತಿಳಿಯಿತು. ಎಲ್ಲರೂ ಒಂದೇ ಮಾತು ಹೇಳಿದರು, "ಜಾಗ ಇದ್ರೆ ಮಾತ್ರ ಅಂಕಲ್." ಜಾಗ ಇತ್ತು. ಎಲ್ಲವನ್ನೂ ನಾನೇ ನಿಂತು ಹಿಂದಿನ ಸೋಫಾದ ಕೆಳಗೆ, ಮೇಲೆ, ಮುಂದೆ ಒಪ್ಪವಾಗಿ ಜೋಡಿಸಿದೆ. ಹಿಂದೆಯೇ ಏಕೆಂದರೆ, ಸಾಮಾನು ಎಂದರೆ ಡಿಕ್ಕಿ, ಡಿಕ್ಕಿ ಎಂದರೆ ಹಿಂದೆ. ಅಂಬಾಸಿಡರ್ ಕಾರಿನಲ್ಲಿ ಬೆಳೆದ ನಮಗೆ ಇದು ಪ್ರಶ್ನೆಯೇ ಅಲ್ಲ. ಮುಂದೆ ಮಂಚದ ಕೆಳಗಿನ ಜಾಗ ನಮ್ಮದು, ಅಲ್ಲಿ ಬೇರೆಯವರ ಗ್ರೈಂಡರ್ ಇಡುವುದು ಶಾರದೆಗೂ ಸರಿಕಾಣಲಿಲ್ಲ.

ಹೊರಟ ಬೆಳಗ್ಗೆ ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟೆವು. ಗುಂಡಿನ ಮೇಲಿದ್ದ ಟೆನಿಸ್ ಚೆಂಡನ್ನು ತೆಗೆದು, ಹಿಚ್ಚು ಬಿಗಿದು, ಚೆಂಡನ್ನು ಎಲ್ಲಿಡಲಿ ಎಂದು ನೋಡುತ್ತಿದ್ದಾಗ ಶಾರದೆ ಕೈಚಾಚಿ ತೆಗೆದುಕೊಂಡಳು. ಅದನ್ನು ಮಡಿಲಲ್ಲಿ ಇಟ್ಟುಕೊಂಡು ಕುಳಿತಳು. ಬೌರಲ್ ಕಡೆಯ ಹಸಿರು ಬಂತು, ಹೋಯಿತು. ಅವಳು ಹಿಂಬದಿ ತೋರಿಸುವ ಕನ್ನಡಿಯನ್ನು ಬಿಟ್ಟು ಬೇರೇನನ್ನೂ ನೋಡಲಿಲ್ಲ. ಗೋಲ್ಬರ್ನಿನ ಹತ್ತಿರ ಬರುವ ಹೊತ್ತಿಗೆ ಕೊಂಚ ಸಡಿಲಾಗಿ, ಡಬ್ಬಿ ತೆರೆದು ಕೋಡುಬಳೆ ಕೊಟ್ಟಳು. "ಪರವಾಗಿಲ್ಲ ರೀ ನಿಮ್ ಹಿಚ್ಚು" ಎಂದಳು. ನಾನು ಸ್ಟೇರಿಂಗಿನ ಹಿಂದೆ ಒಂದು ಅಂಗುಲ ಬೆಳೆದೆ.

ಗೋಲ್ಬರ್ನ್ ದಾಟಿ ಒಂದು ಉದ್ದನೆಯ ಇಳಿಜಾರು. ದೊಡ್ಡ ಟ್ರಕ್ಕೊಂದು ಬಲಗಡೆಯಿಂದ ನಮ್ಮನ್ನು ದಾಟಿತು. ಅದರ ಗಾಳಿ ತಾಗಿದ್ದೇ ಕ್ಯಾರವಾನ್ ಒಮ್ಮೆ ಎಡಕ್ಕೆ ವಾಲಿತು, ಆಮೇಲೆ ಬಲಕ್ಕೆ, ಮತ್ತೆ ಎಡಕ್ಕೆ, ಪ್ರತಿ ಸಲವೂ ಮೊದಲಿಗಿಂತ ಹೆಚ್ಚು. ನಾನು ಕಾರನ್ನು ಓಡಿಸುತ್ತಿದ್ದೇನೆ ಎಂಬ ನಂಬಿಕೆಯೇ ಹೋಯಿತು, ಹಿಂದಿನಿಂದ ಯಾರೋ ನಮ್ಮನ್ನು ಹಿಡಿದು ಅಲ್ಲಾಡಿಸುತ್ತಿದ್ದರು. ವಿಡಿಯೊಗಳಿಂದ ಆದ ಒಂದೇ ಉಪಕಾರವೆಂದರೆ ಆಗ ಏನು ಮಾಡಬೇಕೆಂಬುದು ತಲೆಯಲ್ಲಿತ್ತು. ಕಾರಿನ ಬ್ರೇಕು ಒತ್ತಲಿಲ್ಲ, ಸ್ಟೇರಿಂಗ್ ನೆಟ್ಟಗೆ ಹಿಡಿದೆ, ಆಕ್ಸಿಲರೇಟರ್‌ನಿಂದ ಕಾಲು ತೆಗೆದೆ, ಕ್ಯಾರವಾನಿನ ಬ್ರೇಕಿನದೇ ಪ್ರತ್ಯೇಕ ಗುಂಡಿಯನ್ನು ಒತ್ತಿದೆ. ಅದು ಇನ್ನೆರಡು ಸಲ ಓಲಾಡಿ, ಒಲ್ಲದ ಮನಸ್ಸಿನಿಂದ ಸಾಲಿಗೆ ಬಂತು. ನನ್ನ ಅಂಗಿ ಬೆನ್ನಿಗೆ ಅಂಟಿತ್ತು. ಟೆನಿಸ್ ಚೆಂಡು ಶಾರದೆಯ ಮುಷ್ಟಿಯಲ್ಲಿ ಚಪ್ಪಟೆಯಾಗಿತ್ತು.

ಮುಂದಿನ ರೆಸ್ಟ್ ಏರಿಯಾದಲ್ಲಿ ನಿಲ್ಲಿಸಿದೆ. ಯೂಕಲಿಪ್ಟಸ್ ಮರಗಳು, ಒಂದು ಮರದ ಬೆಂಚು, ನೊಣಗಳು. ಗಾಳಿ ಜಾಸ್ತಿ ಇತ್ತು, ಟ್ರಕ್ಕಿನವನು ಜೋರಾಗಿ ಬಂದ ಎಂದು ನಾನು ಏನೇನೋ ಹೇಳಿದೆ. ಅವಳು ಇಳಿದು ಹೋಗಿ ಕ್ಯಾರವಾನಿನ ಬಾಗಿಲು ತೆಗೆದಳು. ನನ್ನ ಕಣ್ಣ ಮುಂದೆ ಸೆಕೆಂಡ್ ಹ್ಯಾಂಡ್ ಜಾಹೀರಾತಿನ ಸಾಲುಗಳು ಹಾದುಹೋದವು. ತುಂಬಾ ಬೇಸರವಾಯಿತು. ಒಂದು ದಿನವೂ ಆ ಮಂಚದ ಮೇಲೆ ಮಲಗಿರಲಿಲ್ಲ.

"ರೀ, ಇಲ್ಲಿ ಬನ್ನಿ" ಎಂದು ಒಳಗಿನಿಂದ ಕರೆದಳು.

ಹೋಗಿ ನೋಡಿದರೆ ಮುಂದಿನ ಮಂಚದ ಹೊದಿಕೆಯ ಮಡಿಕೆಯೂ ಕೆಟ್ಟಿರಲಿಲ್ಲ. ಹಿಂದೆ ಪುಸ್ತಕದ ಡಬ್ಬವೊಂದು ಬಾಯಿಬಿಟ್ಟು ನೆಲವೆಲ್ಲ ಪುಸ್ತಕ, ಅದರ ನಡುವೆ ಗ್ರೈಂಡರ್ ಅಡ್ಡ ಮಲಗಿತ್ತು.

"ಎಲ್ಲಾ ಹಿಂದೇನೇ ಇದೆಯಲ್ರೀ" ಎಂದಳು.

"ಮತ್ತೆ ಸಾಮಾನು ಎಲ್ಲಿಡ್ತಾರೆ?"

ಅವಳು ಸೋಫಾದ ತುದಿಯಲ್ಲಿ ಕುಳಿತಳು. ಆಮೇಲೆ, ಮೂವತ್ತೈದು ವರ್ಷಗಳಿಂದ ನಾನು ಕೇಳಿದ್ದ ಜಟಕಾದ ಕಥೆಯಲ್ಲಿ ಒಮ್ಮೆಯೂ ಬಾರದ ಭಾಗವನ್ನು ಹೇಳಿದಳು.

"ಆವತ್ತು ಜಟಕಾ ಯಾಕೆ ಮಗುಚ್ತು ಗೊತ್ತಾ? ಬೀಗರಿಗೆ ಕೊಡೋ ಹಿತ್ತಾಳೆ ಪಾತ್ರೆ ಎಲ್ಲಾ ಹಿಂದೆ ಇಟ್ಟಿದ್ರು. ನಮ್ಮಜ್ಜಿ ಸ್ವಲ್ಪ ದಪ್ಪ. ಅವ್ರೂ ಹತ್ತಿ ಅಲ್ಲೇ ಕೂತ್ಬಿಟ್ರು. ಜಟಕಾ ಸಾಬ್ರು 'ಮುಂದಕ್ ಬನ್ನಿ ಅಮ್ಮಾ, ಮುಂದಕ್ ಬನ್ನಿ' ಅಂತ ಹೇಳ್ತಾನೇ ಇದ್ರು. ಪರಗಂಡಸಿನ ಬೆನ್ನಿಗೆ ಅಂಟ್ಕೊಂಡು ಕೂರಲ್ಲ ಅಂತ ಅಜ್ಜಿ ಹಠ ಹಿಡಿದ್ರು. ಅಷ್ಟೇ. ಹಿಂದೆ ಭಾರ ಆಯ್ತು."

ಮುಂದಕ್ಕೆ ಬನ್ನಿ! ನನಗೆ ಆ ಕೂಗು ಮಾತ್ರವಲ್ಲ, ಜಟಕಾದ ಹುಲ್ಲಿನ ಮೆತ್ತೆಯ ಘಾಟು ಕೂಡ ನೆನಪಾಯಿತು. ಹುಡುಗನಾಗಿದ್ದಾಗ ಹಿಂದೆ ಕಾಲು ಇಳಿಬಿಟ್ಟು ಕೂರುವುದೇ ನನಗೆ ಇಷ್ಟ, 'ಏಯ್ ಮರಿ, ಮುಂದಕ್ ಬಾ' ಎಂದು ಎಷ್ಟು ಸಲ ಬೈಸಿಕೊಂಡಿದ್ದೆನೋ. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ಊರೆಲ್ಲ ತುಪ್ಪಕ್ಕೆ ಅಲೆದದ್ದು ಎಂದರೆ ಇದೇ. ಬಾಲ ಭಾರವಾದರೆ ಮೂಗು ಹಗುರವಾಗುತ್ತದೆ. ಮೂಗು ಹಗುರವಾದ ಕ್ಯಾರವಾನನ್ನು ಯಾವ ಸಲಾಕೆ ತಾನೇ ಎಷ್ಟೆಂದು ಹಿಡಿದೀತು?

ಇಬ್ಬರೂ ಸೇರಿ ಹೊರಲು ಶುರುಮಾಡಿದೆವು. ಗ್ರೈಂಡರ್ ಚಕ್ರಗಳ ನೇರಕ್ಕೆ ಸಿಂಕಿನ ಕೆಳಗಿನ ಕಪಾಟಿಗೆ ಬಂತು. ಪುಸ್ತಕಗಳು ನಮ್ಮ ಮಂಚದ ಕೆಳಗೆ ಹೋದವು, ದೀಪದ ಕಂಬಗಳು ಹೊದಿಕೆ ಸುತ್ತಿಕೊಂಡು ಅವುಗಳ ಪಕ್ಕ ಮಲಗಿದವು. ಹಿಂದಿನ ಸೋಫಾದ ಮೇಲೆ ಮೆಂತ್ಯದ ಹಿಟ್ಟಿನ ಪೊಟ್ಟಣ ಒಂದೇ ಉಳಿಯಿತು. ಕೆಲಸ ಮುಗಿದ ಮೇಲೆ ಶಾರದೆ ಒಲೆ ಹಚ್ಚಿ ಕಾಫಿ ಮಾಡಿದಳು. ನಮ್ಮ ಮನೆಯ ಮೊದಲ ಒಲೆ ಹಚ್ಚಿದ್ದು ಆ ರೆಸ್ಟ್ ಏರಿಯಾದಲ್ಲಿ, ನೊಣಗಳ ಸಮ್ಮುಖದಲ್ಲಿ.

"ಹಾಗಾದ್ರೆ..." ಎಂದು ನಾನು ಶುರುಮಾಡಿದೆ.

"ಈಗ ಬೇಡ. ಮೆಲ್ಬರ್ನ್‌ಗೆ ಹೋಗಿ ಮಾತಾಡೋಣ" ಎಂದಳು. ಚೆಂಡನ್ನು ಮತ್ತೆ ಕೈಗೆ ತೆಗೆದುಕೊಂಡಳು.

ಅಲ್ಲಿಂದ ಮುಂದೆ ಟ್ರಕ್ಕುಗಳು ದಾಟಿದವು, ಗಾಳಿ ಬೀಸಿತು, ಇಳಿಜಾರುಗಳು ಬಂದವು. ಕ್ಯಾರವಾನ್ ಒಮ್ಮೆ ಮೈ ಕೊಡವಿ ಸುಮ್ಮನಾಗುತ್ತಿತ್ತು. ನನ್ನ ಹಿಚ್ಚು ತನ್ನ ಪಾಲಿನ ಕೆಲಸವನ್ನು ಮಾಡಿತೆಂದು ಈ ಸಂದರ್ಭದಲ್ಲಿ ದಾಖಲಿಸುತ್ತೇನೆ. ಆಲ್ಬರಿಯ ಕ್ಯಾರವಾನ್ ಪಾರ್ಕಿನಲ್ಲಿ ತಂಗಿದೆವು. ಕೆಳಗೆ ಅಷ್ಟೊಂದು ಸಾಹಿತ್ಯ ಇಟ್ಟುಕೊಂಡು ನಾನು ಅಷ್ಟು ಸುಖವಾಗಿ ಎಂದೂ ನಿದ್ದೆ ಮಾಡಿರಲಿಲ್ಲ. ಲಾರೆನ್ಸ್ ಅವರಿಗೆ ನಡೆದದ್ದನ್ನು ತಿಳಿಸಿದೆ. "ನಾನು ಹೇಳ್ಲಿಲ್ವಾ ಮಾರಾಯ್ರೆ" ಎಂದು ಉತ್ತರ ಬಂತು.

ಮೆಲ್ಬರ್ನಿನ ಪಾಯಿಂಟ್ ಕುಕ್‌ನಲ್ಲಿ ಮಗಳ ಮನೆ. ಪಾರ್ಸೆಲ್ಲುಗಳ ವಾರಸುದಾರರು ಬಂದು ಬಂದು ತಮ್ಮ ತಮ್ಮ ಭಾರ ಒಯ್ದರು. ಷರತ್ತಿನ ವಿಷಯ ಅನಘಾಗೆ ಮೊದಲೇ ತಿಳಿದಿತ್ತು. ಅವಳಿಗೆ ಕನ್ನಡ ಚೆನ್ನಾಗಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಊಟಕ್ಕೆ ಕುಳಿತಾಗ ಕೇಳಿಯೇಬಿಟ್ಟಳು.

"ಸೋ ಅಮ್ಮಾ, ಆರ್ ವಿ ಸೆಲ್ಲಿಂಗ್ ಇಟ್?"

ನಾನು ಚಮಚ ಕೆಳಗಿಟ್ಟೆ. "ಮಾತು ಅಂದ್ರೆ ಮಾತು. ಓಲಾಡ್ತು. ಶಾರದಾ, ನಿನಗೆ ಫ್ಲೈಟ್ ಬುಕ್ ಮಾಡ್ತೀನಿ" ಎಂದೆ. ಹೇಳಿ, ಸಾರಿನ ಖಾರ ಎಂದು ನೀರು ಕುಡಿದೆ.

ಶಾರದೆ ಅನಘಾಳ ತಟ್ಟೆಗೆ ಅನ್ನ ಬಡಿಸಿದಳು, ನನ್ನ ತಟ್ಟೆಗೂ ಬಡಿಸಿದಳು.

"ಆವತ್ತು ಜಟಕಾ ಎತ್ತಿ ನಿಲ್ಸಿದ ಮೇಲೆ ನಮ್ಮಜ್ಜಿ ಏನ್ಮಾಡಿದ್ರು ಹೇಳ್ಲಾ? ಸೀರೆ ಕೊಡವ್ಕೊಂಡು ಅದೇ ಜಟಕಾ ಹತ್ತಿದ್ರು. ಮುಂದೆ ಹೋಗಿ ಸಾಬ್ರ ಬೆನ್ನಿಗೇ ಕೂತ್ರು. ನಾನು ಮಾತ್ರ ಹತ್ತಲ್ಲ ಅಂತ ಅತ್ತು, ಅಪ್ಪನ ಕೈ ಹಿಡ್ಕೊಂಡು ಬಿಸಿಲಲ್ಲಿ ನಡೆದೆ. ಜಟಕಾ ನಮ್ಮನ್ನ ದಾಟ್ಕೊಂಡ್ ಹೋಯ್ತು. ಅಜ್ಜಿ ಒಳಗಿಂದ ನನಗೆ ಕೈ ಬೀಸಿದ್ರು." ಅನ್ನದ ಪಾತ್ರೆ ಮುಚ್ಚುತ್ತಾ ಹೇಳಿದಳು, "ಆಮೇಲೆ ಜಟಕಾ ಕಂಡಾಗಲೆಲ್ಲಾ ನಾಳೆ ಹತ್ತೋಣ ಅಂದ್ಕೋತಿದ್ದೆ. ಊರಲ್ಲಿ ಜಟಕಾನೇ ಇಲ್ದೇ ಹೋಯ್ತು."

ಅನಘಾ ಈ ಸಲ ನಗಲಿಲ್ಲ. "ಸೋ, ನಾಟ್ ಸೆಲ್ಲಿಂಗ್" ಎಂದಳು ಮೆಲ್ಲಗೆ.

"ಸಾರು ಹಾಕ್ಕೊಳ್ರೀ, ತಣ್ಣಗಾಗತ್ತೆ" ಎಂದಳು ಶಾರದೆ ನನಗೆ.

ಹೊರಡುವ ದಿನ ಮೆಲ್ಬರ್ನಿನವರೂ ತಮ್ಮ ತಮ್ಮ ಪಾರ್ಸೆಲ್ ಹಿಡಿದು ಬಂದರು. ನಮ್ಮ ಜನ ಎಲ್ಲ ಊರಿನಲ್ಲೂ ಒಂದೇ. ಹಿಂದಿನ ಸೋಫಾದತ್ತ ಒಂದು ಉಪ್ಪಿನಕಾಯಿ ಜಾಡಿ ಹೋಗುವುದರಲ್ಲಿತ್ತು. ಶಾರದೆ ಕ್ಯಾರವಾನಿನ ಬಾಗಿಲಲ್ಲಿ ಸೆರಗು ಸಿಕ್ಕಿಸಿಕೊಂಡು ನಿಂತಿದ್ದಳು. "ಅಲ್ಲಲ್ಲ, ಮುಂದಕ್ಕೆ. ಇನ್ನೂ ಸ್ವಲ್ಪ ಮುಂದಕ್ಕೆ" ಎನ್ನುತ್ತಿದ್ದಳು. ನಾನು ಹಿಚ್ಚು ಬಿಗಿದು, ಟೆನಿಸ್ ಚೆಂಡನ್ನು ಅವಳ ಕೈಗೆ ಕೊಟ್ಟೆ.

ಗೋಲ್ಬರ್ನಿಗೆ ಮುಂಚಿನ ಅದೇ ಗುಡ್ಡವನ್ನು ಎದುರು ಬದಿಯಿಂದ ಹತ್ತುವಾಗ ಒಂದು ದೊಡ್ಡ ಟ್ರಕ್ಕು ನಮ್ಮನ್ನು ದಾಟಿತು. ಉಸಿರು ಬಿಗಿಹಿಡಿದು ಕನ್ನಡಿ ನೋಡಿದೆ, ಕ್ಯಾರವಾನ್ ನೆಟ್ಟಗೆ ಬರುತ್ತಿತ್ತು. ಶಾರದೆಗೆ ತೋರಿಸೋಣವೆಂದು ಪಕ್ಕಕ್ಕೆ ತಿರುಗಿದೆ. ಅವಳು ಕಿಟಕಿಗೆ ತಲೆ ಒರಗಿಸಿ ಗಾಢವಾಗಿ ನಿದ್ದೆ ಹೋಗಿದ್ದಳು. ಚೆಂಡು ಮಡಿಲಿನಿಂದ ಜಾರಿ ಅವಳ ಕಾಲ ಬಳಿ ಬಿದ್ದಿತ್ತು.